ಎಲ್ಲರನ್ನೂ ಕೇಳಿದೆ, ಯಾರೂ ಬರಲಿಲ್ಲ

“ಶನಿವಾರದ ಗಿಟ್ ವರ್ಕ್‌ಶಾಪ್‌ಗೆ ಹೆಲ್ಪರ್ ಆಗಿ ಯಾರಾದ್ರೂ ಬರ್ತೀರಾ?” ಅಂತ ಗ್ರೂಪಿನಲ್ಲಿ ಹಾಕಿದೆ. ಆಗ ಗ್ರೂಪಿನಲ್ಲಿ ನೂರ ನಲವತ್ತು ಜನ ಇದ್ದರು. ಮೂರು ದಿನ ಕಾದೆ. ಒಂದು ಥಂಬ್ಸ್ ಅಪ್ ಬಂತು. ಖುಷಿಯಿಂದ ಆ ಹುಡುಗನಿಗೆ ಫೋನ್ ಮಾಡಿದರೆ, “ಇಲ್ಲ ಮೇಡಂ, ಕೈ ತಾಗಿ ಬಿದ್ದಿದೆ” ಅಂದ.

ನಮ್ಮದು ಸಂಶೋಧನಾ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಕೆಲಸ ಹೇಳಿಕೊಡುವ ಸಣ್ಣ ಗುಂಪು: ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಶೆಲ್, ಫೈಲುಗಳಲ್ಲಿ ಆದ ಬದಲಾವಣೆಗಳ ಲೆಕ್ಕವಿಡುವ ಗಿಟ್, ಪೈಥಾನ್ ಮತ್ತು ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗಳು. ಎಲ್ಲರೂ ಬಿಡುವಿನಲ್ಲಿ, ಸಂಬಳವಿಲ್ಲದೆ ಮಾಡುವವರು. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರು ಅಂತ ಹರಡಿಕೊಂಡಿದ್ದೇವೆ. ಪಾಠಗಳು ಮಾತ್ರ ನಮ್ಮವಲ್ಲ, ಸಂಶೋಧಕರಿಗೆ ಇಂಥದ್ದನ್ನೇ ಕಲಿಸುವ ದಿ ಕಾರ್ಪೆಂಟ್ರೀಸ್ ಸಂಸ್ಥೆಯವು. 1998ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ ಶುರು ಮಾಡಿದ ಸಾಫ್ಟ್‌ವೇರ್ ಕಾರ್ಪೆಂಟ್ರಿ ಇದರ ಬೇರು. 2014ರಲ್ಲಿ ಡೇಟಾ ಕಾರ್ಪೆಂಟ್ರಿ ಹುಟ್ಟಿತು, 2018ರಲ್ಲಿ ಎರಡೂ ಒಂದಾದವು. ಪಾಠಗಳೆಲ್ಲ ಗಿಟ್‌ಹಬ್‌ನಲ್ಲಿವೆ, ಅಂದರೆ ಗಿಟ್ ಬಳಸಿ ಫೈಲುಗಳನ್ನು ಹಂಚಿಕೊಳ್ಳುವ ವೆಬ್‌ಸೈಟಿನಲ್ಲಿ. ಮೂಲದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು.

ಈ ವರ್ಕ್‌ಶಾಪ್‌ಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಸ್ಟಿಕಿ ನೋಟ್. ಕೂತವರಿಗೆಲ್ಲ ಎರಡು ಬಣ್ಣದ ಚೀಟಿ ಕೊಡುತ್ತೇವೆ. ಲ್ಯಾಪ್‌ಟಾಪ್ ಬೆನ್ನಿಗೆ ಹಸಿರು ಅಂಟಿಸಿದರೆ ‘ಮುಗೀತು’, ಕೆಂಪು ಅಂಟಿಸಿದರೆ ‘ಸಿಕ್ಕಿಹಾಕಿಕೊಂಡಿದೀನಿ’. ಬಾಯಿಬಿಟ್ಟು ಕೇಳುವ ಮುಜುಗರ ಇಲ್ಲ. ಕೆಂಪು ಕಂಡ ಕಡೆ ಹೆಲ್ಪರ್ ಹೋಗಿ ನಿಲ್ಲುತ್ತಾರೆ. 2020ರಲ್ಲಿ ಎಲ್ಲ ಆನ್‌ಲೈನ್ ಆದಾಗ ನಾವು ಕಳೆದುಕೊಂಡದ್ದು ಆ ಕೆಂಪು ಚೀಟಿ. ಜೂಮ್‌ನಲ್ಲಿ ಹಸಿರು ಟಿಕ್, ಕೆಂಪು ಕ್ರಾಸ್ ಇವೆ ನಿಜ. ಆದರೆ ವರ್ಕ್‌ಶಾಪ್ ಮುಗಿದ ಮೇಲೆ ಉಳಿಯೋದು ಬರೀ ಗ್ರೂಪ್. ಅಲ್ಲಿ ಸುಮ್ಮನಿರುವವರಲ್ಲಿ ಯಾರಿಗೆ ಅರ್ಥವಾಗಿದೆ, ಯಾರಿಗೆ ಬೇಜಾರಾಗಿದೆ, ಯಾರು ಬಸ್ಸಿನಲ್ಲಿ ನಿಂತಿದ್ದಾರೆ, ಒಂದೂ ತಿಳಿಯಲ್ಲ.

ಈ ಮೌನ ಮುರಿಯಲು ನಾನು ಮೊದಲು ಮಾಡಿದ್ದೆಲ್ಲ ತಪ್ಪೇ. ಯಾವ ಪ್ರಶ್ನೆ ಬಂದರೂ ಐದು ನಿಮಿಷದೊಳಗೆ ಉತ್ತರ ಹಾಕುತ್ತಿದ್ದೆ. ಗಿಟ್‌ನಲ್ಲಿ ಕಮಿಟ್ ಮಾಡಲು, ಅಂದರೆ ಬದಲಾವಣೆಯನ್ನು ದಾಖಲಿಸಲು ಹೋಗಿ, ವಿಮ್ ಅನ್ನೋ ಎಡಿಟರ್ ತೆರೆದುಕೊಂಡು, ಹೊರಗೆ ಬರುವ ದಾರಿ ಗೊತ್ತಿಲ್ಲದೆ ಒದ್ದಾಡುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯಸೂಚಕ ಹಾಕಿ ಎಂಟರ್ ಒತ್ತಿದರೆ ಆಯಿತು. ಇಷ್ಟು ಹೇಳಬಲ್ಲವರು ಗ್ರೂಪಿನಲ್ಲಿ ಬೇಕಾದಷ್ಟು ಜನ ಇದ್ದರು. ಅವರು ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ನನ್ನ ಉತ್ತರ ಬಿದ್ದಿರುತ್ತಿತ್ತು. ನಾನು ಚುರುಕಾದಷ್ಟೂ ಗ್ರೂಪ್ ಮಂಕಾಯಿತು. ಇದು ನನಗೆ ಹೊಳೆಯಲು ಒಂದು ವರ್ಷ ಹಿಡಿಯಿತು.

ನಡುವೆ ಪಾಯಿಂಟ್ಸ್ ಕೊಟ್ಟೂ ನೋಡಿದೆ. ಮೆಸೇಜ್ ಹಾಕಿದರೆ ಒಂದು, ಉತ್ತರಕ್ಕೆ ಐದು. ಎರಡು ವಾರ ಹೂವಿನ ಚಿತ್ರದ ‘ಗುಡ್ ಮಾರ್ನಿಂಗ್’ ಸುರಿಯಿತು. ನಿಲ್ಲಿಸಿಬಿಟ್ಟೆ. ವೆಬ್‌ಸೈಟುಗಳನ್ನು ಜನ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜಾಕೋಬ್ ನೀಲ್ಸನ್ 2006ರಲ್ಲಿ ಒಂದು ಲೆಕ್ಕ ಬರೆದಿದ್ದರು: ಆನ್‌ಲೈನ್ ಗುಂಪುಗಳಲ್ಲಿ ನೂರಕ್ಕೆ ತೊಂಬತ್ತು ಜನ ಬರೀ ನೋಡುತ್ತಾರೆ, ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಬಾಯಿ ಬಿಡುತ್ತಾರೆ, ಬಹುಪಾಲು ಕೆಲಸ ಮಾಡೋದು ಉಳಿದ ಒಬ್ಬರು. ಅದನ್ನು ಓದಿ ಸಮಾಧಾನ ಮಾಡಿಕೊಂಡಿದ್ದೆ. ಈಗ ನೋಡಿದರೆ ಅದು ನನಗೆ ಸಿಕ್ಕ ಒಳ್ಳೆಯ ನೆಪ, ಅಷ್ಟೆ.

ಆಮೇಲೆ ಒಂದು ದಿನ ನನಗೊಬ್ಬಳಿಗೇ ಅಂತ ಒಂದು ಮೆಸೇಜ್ ಬಂತು. ಧಾರವಾಡ ಕಡೆಯ ಹುಡುಗಿ, ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. “ಮೇಡಂ, ಒಂದ್ ಸಣ್ಣ ಡೌಟ್ ಐತ್ರಿ. ಗ್ರೂಪ್‌ನ್ಯಾಗ ಕೇಳಾಕ ನಾಚ್ಕಿ ಆತು, ಅದಕ ಇಲ್ಲಿ ಕೇಳಾಕತ್ತೀನಿ.” ಪಾಠದ ಫೈಲುಗಳನ್ನು ಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ದಾಳೆ, ಕಣ್ಣಿಗೆ ಕಾಣುತ್ತಿವೆ. ವಿಂಡೋಸ್‌ನಲ್ಲಿ ಶೆಲ್ ಆಗಿ ಬಳಸುವ ಗಿಟ್ ಬ್ಯಾಷ್‌ನಲ್ಲಿ ಡೆಸ್ಕ್‌ಟಾಪ್‌ಗೆ ಹೋಗಿ ನೋಡಿದರೆ ಏನೂ ಇಲ್ಲ. ನಾನು ಹದಿನೈದು ವರ್ಷದಿಂದ ವಿಂಡೋಸ್ ಬದಲು ಲಿನಕ್ಸ್ ಬಳಸುವವಳು. ನನಗೆ ತಲೆಬುಡ ತಿಳಿಯಲಿಲ್ಲ. ನಾಳೆ ನೋಡೋಣ ಅಂದೆ. ನಾಳೆ ಆಗುವಷ್ಟರಲ್ಲಿ ಅವಳೇ ಕಂಡುಹಿಡಿದಿದ್ದಳು. ವಿಂಡೋಸ್‌ನಲ್ಲಿ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ) ಬ್ಯಾಕಪ್ ಆನ್ ಆಗಿದ್ದರೆ, ನಮ್ಮ ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಒನ್‌ಡ್ರೈವ್ ಫೋಲ್ಡರಿನ ಒಳಗಿರುತ್ತದೆ. ಬ್ಯಾಷ್‌ನಲ್ಲಿ ಅವಳು ಹೋಗಿದ್ದು ಹಳೆಯ ಡೆಸ್ಕ್‌ಟಾಪ್‌ಗೆ. ಅದು ಖಾಲಿ.

“ಇದನ್ನ ನಮ್ಮ ಸೆಟಪ್ ಟಿಪ್ಪಣಿಗೆ ಎರಡೇ ಸಾಲು ಬರೆದು ಸೇರಿಸ್ತೀಯಾ? ಅರ್ಧ ಗಂಟೆ ಕೆಲಸ. ಗುರುವಾರ ಸಂಜೆ ನಾನೂ ಜೊತೆಗಿರ್ತೀನಿ.”

“ನಾನಾ? ನಂಗ ಪುಲ್ ರಿಕ್ವೆಸ್ಟ್ ಅಂದ್ರ ಏನಂತನೂ ಗೊತ್ತಿಲ್ರಿ.”

ಪುಲ್ ರಿಕ್ವೆಸ್ಟ್ ಅಂದರೆ ‘ನನ್ನ ತಿದ್ದುಪಡಿ ಸೇರಿಸಿಕೊಳ್ಳಿ’ ಅಂತ ಗಿಟ್‌ಹಬ್‌ನಲ್ಲಿ ಕಳಿಸುವ ಕೋರಿಕೆ. ಗುರುವಾರ ಸ್ಕ್ರೀನ್ ಶೇರ್ ಮಾಡಿಕೊಂಡು ಕೂತೆವು. ಅರ್ಧ ಗಂಟೆ ಅಂದದ್ದು ಒಂದೂವರೆ ಗಂಟೆ ಆಯಿತು. ಗಿಟ್‌ಹಬ್ 2021ರಿಂದ ಕಮಾಂಡ್ ಲೈನಿನಲ್ಲಿ ಪಾಸ್‌ವರ್ಡ್ ಒಪ್ಪಲ್ಲ, ಅದರ ಬದಲು ಟೋಕನ್ ಅನ್ನೋ ಉದ್ದದ ಗುಪ್ತ ಸಂಕೇತದಂಥದ್ದು ಬೇಕು. ಆ ಟೋಕನ್ ಮಾಡಿಕೊಳ್ಳೋದರಲ್ಲೇ ಮುಕ್ಕಾಲು ಹೊತ್ತು ಹೋಯಿತು. ಕೊನೆಗೂ ಸಾಲು ಸೇರಿತು. ಮುಂದಿನ ಬ್ಯಾಚಿನಲ್ಲಿ ನಾಲ್ಕು ಜನಕ್ಕೆ ಅದೇ ತೊಂದರೆ ಬಂತು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಅವಳು ಉತ್ತರ ಕೊಟ್ಟಳು, ಅದೂ ಗ್ರೂಪಿನಲ್ಲೇ. ಪಳಗಿದವರಿಗೆ ಹೊಸಬರ ಕಷ್ಟ ಕಾಣಲ್ಲ ಅಂತ ಕಾರ್ಪೆಂಟ್ರೀಸ್‌ನ ಬೋಧಕರ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅದನ್ನು ನಾನೂ ನಾಲ್ಕು ಜನಕ್ಕೆ ಹೇಳಿದ್ದೆ. ಅದು ನನಗೇ ಹೇಳಿದ್ದು ಅಂತ ಆವತ್ತು ಗೊತ್ತಾಯಿತು.

ಅಲ್ಲಿಂದ ‘ಯಾರಾದ್ರೂ’ ಅನ್ನೋ ಪದ ಬಿಟ್ಟೆ. ಈಗ ಒಬ್ಬೊಬ್ಬರಿಗೆ ಬರೆಯುತ್ತೇನೆ. “ಹೋದ ಸಲ ಆರ್ ಪ್ಯಾಕೇಜ್ ಇನ್‌ಸ್ಟಾಲ್ ಆಗದಿದ್ದಾಗ ನೀವು ಬಿಡಿಸಿಕೊಟ್ರಲ್ಲ. ಈ ಶನಿವಾರ ಹತ್ತರಿಂದ ಹನ್ನೊಂದರ ತನಕ ಇನ್‌ಸ್ಟಾಲ್ ಡೌಟ್‌ಗಳನ್ನ ನೀವು ನೋಡ್ಕೋತೀರಾ? ಆಗಲ್ಲ ಅಂದ್ರೂ ಬೇಜಾರಿಲ್ಲ.” ನಿಮ್ಮನ್ನೇ ಯಾಕೆ ಕೇಳ್ತಿದೀನಿ, ಎಷ್ಟು ಹೊತ್ತು, ಯಾವಾಗ ಮುಗಿಯುತ್ತೆ, ಮೂರೂ ಅದರಲ್ಲಿರಬೇಕು. ಕೊನೆಯದೇ ಮುಖ್ಯ. ಮುಗಿಯುವ ಹೊತ್ತು ಗೊತ್ತಿಲ್ಲದ ಕೆಲಸಕ್ಕೆ ಥೀಸಿಸ್ ಬರೆಯುವವರು ಹೂಂ ಅನ್ನಲ್ಲ. ಹೀಗೆ ಕೇಳಲು ನನಗೆ ವಾರಕ್ಕೆ ಎರಡು ಗಂಟೆ ಬೇಕು. ಗ್ರೂಪಿಗೆ ಒಂದು ಮೆಸೇಜ್ ಹಾಕೋದಕ್ಕಿಂತ ಇದು ಬಹಳ ತಲೆನೋವು, ಸುಳ್ಳು ಹೇಳಲ್ಲ.

ಇನ್ನೊಂದು ನಿಯಮ: ಬೆಳಿಗ್ಗೆ ಬಂದ ಪ್ರಶ್ನೆಗೆ ಸಂಜೆ ತನಕ ನಾನು ಉತ್ತರ ಹಾಕಬಾರದು. ಕೈ ತುರಿಸುತ್ತೆ! ಮುರಿದದ್ದು ಒಂದೇ ಸಲ. ಗಿಟ್ ಗೋಜಲಾಗಿದೆ ಅಂದ ಹುಡುಗನಿಗೆ ಇನ್ನೊಬ್ಬರು ಹಾರ್ಡ್ ರೀಸೆಟ್ ಕೊಡು ಅಂದುಬಿಟ್ಟರು. ಕಮಿಟ್ ಮಾಡದ ತಿದ್ದುಪಡಿಗಳೆಲ್ಲ ಅದರಲ್ಲಿ ಹೋಗಿಬಿಡುತ್ತವೆ. ಓಡಿ ಬಂದು ತಡೆದೆ. ಉತ್ತರ ಕೊಟ್ಟವರಿಗೆ ಗ್ರೂಪಿನಲ್ಲಿ ಏನೂ ಅನ್ನಲಿಲ್ಲ, ಫೋನ್ ಮಾಡಿ ಹೇಳಿದೆ. ಅವರು ಇವತ್ತಿಗೂ ಇದ್ದಾರೆ.

ಹೆಸರಿನ ವಿಷಯ. ಪಿಎಚ್‌ಡಿ ಮಾಡುವವರನ್ನು ಗೈಡ್ ಕೇಳೋದು “ಪೇಪರ್ ಎಲ್ಲಿ?” ಅಂತ. ನಮ್ಮ ಚಪ್ಪಾಳೆ ಇಮೋಜಿಯಿಂದ ಅವರಿಗೆ ಏನೂ ಆಗಬೇಕಿಲ್ಲ. ಹಾಗಾಗಿ ಗಿಟ್‌ಹಬ್‌ನಲ್ಲಿ ನಮ್ಮ ಟಿಪ್ಪಣಿಗಳಿರುವ ಫೋಲ್ಡರನ್ನು (ಇದಕ್ಕೆ ರೆಪೊ ಅಂತಾರೆ) ಝೆನೊಡೊಗೆ ಜೋಡಿಸಿದೆವು. ಅದು ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್ ನಡೆಸುವ, ಸಂಶೋಧನೆಯ ಫೈಲುಗಳನ್ನು ಇಡುವ ಉಚಿತ ಭಂಡಾರ. ಗಿಟ್‌ಹಬ್‌ನಲ್ಲಿ ಹೊಸ ಆವೃತ್ತಿ ರಿಲೀಸ್ ಮಾಡಿದಾಗಲೆಲ್ಲ ಒಂದು ಡಿಒಐ, ಅಂದರೆ ಪೇಪರ್‌ಗಳಿಗೆ ಇರುವಂಥ ಶಾಶ್ವತ ಗುರುತು, ಸಿಗುತ್ತದೆ. ಎರಡು ಸಾಲು ಬರೆದವರ ಹೆಸರೂ ಲೇಖಕರ ಪಟ್ಟಿಯಲ್ಲಿ ಬರುತ್ತದೆ. ಬಯೋಡೇಟಾದಲ್ಲಿ ಹಾಕಿಕೊಳ್ಳಬಹುದು. ಇದನ್ನು ಮೊದಲೇ ಮಾಡಬೇಕಿತ್ತು.

ಭಾಷೆಯದೂ ಒಂದು ತೊಡಕಿತ್ತು. ಪಾಠ ಇಂಗ್ಲಿಷಿನಲ್ಲಿದ್ದ ಮೇಲೆ ಪ್ರಶ್ನೆಯೂ ಇಂಗ್ಲಿಷಿನಲ್ಲೇ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ನಾವು ಯಾರೂ ಹಾಗೆ ಹೇಳಿರಲಿಲ್ಲ, ಹಾಗಲ್ಲ ಅಂತಲೂ ಹೇಳಿರಲಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳಲ್ಲಿ ಪರದೆ ಇಂಗ್ಲಿಷಿನಲ್ಲೇ ಇರುತ್ತದೆ, ದನಿ ಕನ್ನಡದಲ್ಲೂ ಸಿಗುತ್ತದೆ. ನಾವೂ ಅದೇ ದಾರಿ ಹಿಡಿದೆವು. ಕಮಾಂಡ್ ಇಂಗ್ಲಿಷು, ಮಾತು ನಿಮಗೆ ಬಂದದ್ದು. ಮಂಗಳೂರಿನವರು, ಧಾರವಾಡದವರು ಅವರವರ ಕನ್ನಡದಲ್ಲೇ ಕೇಳತೊಡಗಿದರು. ಗ್ರೂಪಿನಲ್ಲಿ ಮೊದಲ ಸಲ ನಗು ಕೇಳಿಸಿತು.

ಹೊತ್ತಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹೊರದೇಶದವರ ಜೊತೆಗಿನ ಆನ್‌ಲೈನ್ ಸಭೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ) 20:00 ಅಂದರೆ ನಮಗೆ ರಾತ್ರಿ ಒಂದೂವರೆ. ಅದಕ್ಕೆ ಯಾರನ್ನೂ ಬನ್ನಿ ಅನ್ನಲ್ಲ. ಆ ಸಭೆಯ ಟಿಪ್ಪಣಿ ಓದಿ ಬೇಕಾದ್ದನ್ನು ಬೆಳಿಗ್ಗೆ ಹೇಳ್ತೀವಿ.

ಈಗ ಮೆಸೇಜ್ ಎಷ್ಟು ಬಂತು ಅಂತ ಎಣಿಸೋದನ್ನು ಬಿಟ್ಟಿದ್ದೇನೆ. ಎರಡನೇ ಸಲ ಸಹಾಯಕ್ಕೆ ಬಂದವರ ಹೆಸರು ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಪಟ್ಟಿ ಉದ್ದವೇನಲ್ಲ, ಒಂದೂವರೆ ಪುಟ.

ಧಾರವಾಡದ ಹುಡುಗಿ ಥೀಸಿಸ್ ಕೊಡುವ ಹೊತ್ತಿಗೆ, “ಆರು ತಿಂಗಳು ನನ್ನ ಕೇಳಬ್ಯಾಡ್ರಿ” ಅಂದು ಹೋದಳು. ಹೋಗುವಾಗ ತನ್ನ ಕೆಲಸವನ್ನೆಲ್ಲ ಒಂದು ಪುಟದಲ್ಲಿ ಬರೆದು ಮೈಸೂರಿನ ಇನ್ನೊಬ್ಬನಿಗೆ ಒಪ್ಪಿಸಿದ್ದಳು. ಯಾರೂ ಅವಳನ್ನು ಕೇಳಲಿಲ್ಲ. ಏಳನೇ ತಿಂಗಳು ಅವಳೇ ಬಂದಳು.

ಈ ಶನಿವಾರ ಪಾಠ ಮಾಡೋದು ಅವಳು. ನೆನ್ನೆ ನನಗೆ ಮೆಸೇಜ್ ಬಂದಿದೆ: “ಮೇಡಂ, ಹತ್ತರಿಂದ ಹನ್ನೊಂದು ಚಾಟ್ ನೀವು ನೋಡ್ಕೋತೀರೇನ್ರಿ? ಉತ್ತರ ಲಗೂನ ಕೊಡಬ್ಯಾಡ್ರಿ ಮತ್ತ.”