ಕಣದಲ್ಲಿ ಮೆಣಸಿನಕಾಯಿ ಇರುವಾಗ ಹವಾಮಾನ ವರದಿ ಓದುವುದು ಹೇಗೆ

ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಜನವರಿ ಬಂತೆಂದರೆ ಕಣದ ತುಂಬ ಕೆಂಪು ಹಾಸಿರುತ್ತೇವೆ. ಕಾಯಿ ಒಣಗಲು ಎಂಟು-ಹತ್ತು ದಿನ ಒಳ್ಳೆಯ ಬಿಸಿಲು ಬೇಕು. ನಡುವೆ ಒಂದು ಮಳೆ ಬಿದ್ದರೂ ಕಾಯಿ ಬಿಳಿಚಿಕೊಳ್ಳುತ್ತದೆ, ಮಾರ್ಕೆಟ್‌ನಲ್ಲಿ ಕೇಳುವವರಿರುವುದಿಲ್ಲ.

ಒಂದು ವರ್ಷ ಮಾರ್ಚ್‌ನಲ್ಲಿ ವರದಿ ನೋಡಿದೆ: 'ಒಂದೆರಡು ಕಡೆ ಹಗುರ ಮಳೆ'. ಹಗುರ ಅಲ್ವಾ, ಅದೂ ಒಂದೆರಡು ಕಡೆ, ನಮಗೆಲ್ಲಿ ಬರುತ್ತದೆ ಅಂದುಕೊಂಡು ಸಂತೆಗೆ ಹೋದೆ. ವಾಪಸ್ ಬಂದಾಗ ಕಣದಲ್ಲಿ ನೀರು ನಿಂತಿತ್ತು. ಕಾಯಿ ಕೈಯಲ್ಲಿ ಹಿಡಿದರೆ ಮೆತ್ತಗಾಗಿತ್ತು. ವರದಿ ಸುಳ್ಳು ಹೇಳಿರಲಿಲ್ಲ. ಅದರ ಮಾತು ನನಗೆ ಅರ್ಥವಾಗಿರಲಿಲ್ಲ.

ಮೊದಲು 'ಎಷ್ಟು ಕಡೆ' ಅನ್ನುವುದನ್ನು ನೋಡಿ. 'ಒಂದೆರಡು ಕಡೆ' ಅಂದರೆ ಆ ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗದಲ್ಲಿ ಮಳೆ. 'ಕೆಲವು ಕಡೆ' ಅಂದರೆ ಅರ್ಧದವರೆಗೆ. 'ಹಲವು ಕಡೆ' ಅಂದರೆ ಮುಕ್ಕಾಲರವರೆಗೆ. ಅದಕ್ಕೂ ಮೇಲಾದರೆ 'ಹೆಚ್ಚಿನ ಕಡೆ'. ಆ ಕಾಲು ಭಾಗದಲ್ಲಿ ನಿಮ್ಮೂರು ಇದೆಯೋ ಇಲ್ಲವೋ ವರದಿ ಹೇಳುವುದಿಲ್ಲ. ನಮ್ಮ ಹಾವೇರಿ ಜಿಲ್ಲೆ ಅಂದರೆ ಮಲೆನಾಡಿನ ಸೆರಗಿನ ಹಾನಗಲ್ಲೂ ಬಂತು, ಬಯಲಿನ ರಾಣೆಬೆನ್ನೂರೂ ಬಂತು. ಎರಡಕ್ಕೂ ಒಂದೇ ಸಾಲು.

ಆಮೇಲೆ 'ಎಷ್ಟು'. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ತಾಸಿಗೆ 2.5ರಿಂದ 15.5 ಮಿಲಿಮೀಟರ್ ಬಂದರೆ ಹಗುರ ಮಳೆ. 64.4ರವರೆಗೆ ಸಾಧಾರಣ. 64.5ರಿಂದ ಮೇಲೆ ಭಾರಿ. ಈಗ ನನ್ನ ಕಣಕ್ಕೆ ಲೆಕ್ಕ ಹಾಕಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಕಣದ ಮೇಲೆ 15 ಮಿಲಿಮೀಟರ್ ಬಿದ್ದರೆ 1,500 ಲೀಟರ್. ಇನ್ನೂರು ಲೀಟರಿನ ಏಳೂವರೆ ಬ್ಯಾರಲ್ ಸುರಿದಂತೆ! ಇದಕ್ಕೂ ಹೆಸರು ಹಗುರ ಮಳೆಯೇ. ಬೆಳೆ ನಿಂತಾಗ ಅದು ಹಗುರವೇ ಇರಬಹುದು. ಕಾಯಿ ನೆಲದ ಮೇಲಿರುವಾಗ ಹಗುರ ಮಳೆ ಅನ್ನುವುದೇ ಇಲ್ಲ.

ಬಣ್ಣದ ವಿಷಯದಲ್ಲೂ ತುಂಬ ಜನ ಎಡವುತ್ತಾರೆ. ಹಳದಿ, ಕಿತ್ತಳೆ, ಕೆಂಪು ಇವೆಲ್ಲ ಎಚ್ಚರಿಕೆಯ ಬಣ್ಣಗಳು. ಹಸಿರು ಅಂದರೆ ಎಚ್ಚರಿಕೆ ಇಲ್ಲ ಅಂತ, ಮಳೆ ಇಲ್ಲ ಅಂತಲ್ಲ. ವರದಿಯ ದಿನ ಮುಗಿಯುವುದು ಮರುದಿನ ಬೆಳಗ್ಗೆ 8:30ಕ್ಕೆ ಅನ್ನುವುದೂ ನೆನಪಿರಲಿ. 'ಇಂದು' ಅಂದದ್ದರಲ್ಲಿ ರಾತ್ರಿಯ ಮಳೆಯೂ ಸೇರಿದೆ.

ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ರೈತರಿಗೆ ಸಲಹೆ ಬರುತ್ತದೆ. ಕಾಯಿ ಬಿಡಿಸಲು ಆಳು ಕರೆಯುವ ಮುಂಚೆ ನಾನು ಅದನ್ನು ನೋಡುತ್ತೇನೆ. ಮುಂದಿನ ಎರಡು-ಮೂರು ದಿನದ ಮಾತನ್ನು ನಂಬುತ್ತೇನೆ. ಐದನೇ ದಿನದ್ದು ಸುಳಿವು ಮಾತ್ರ.

ಕೊನೆಯ ಒಂದೆರಡು ತಾಸು ಮಾತ್ರ ನೀವೇ ಆಕಾಶ ನೋಡಬೇಕು. ಮಾರ್ಚ್-ಏಪ್ರಿಲ್‌ನ ಅಡ್ಡಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ನೆಲ ಕಾದು, ಬಿಸಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಹತ್ತಿ ಹಿಂಜಿದಂತೆ ಬಿಡಿಬಿಡಿಯಾಗಿದ್ದು, ತಳ ಚಪ್ಪಟೆ ಇದ್ದರೆ ಹೆದರಿಕೆ ಇಲ್ಲ. ಅದೇ ಮೋಡ ಹೂಕೋಸಿನ ಹಾಗೆ ಗಂಟುಗಂಟಾಗಿ ಮೇಲೆ ಏರತೊಡಗಿದರೆ ಬೇರೆ ಕೆಲಸ ಬಿಡಿ. ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಅಗಲವಾಗಿ ಹರಡಿತೋ, ಎಲ್ಲೋ ಆಗಲೇ ಸುರಿಯುತ್ತಿದೆ ಅಂತಲೇ ತಿಳಿಯಿರಿ.

ಇನ್ನೊಂದು ಗುರುತು ಗಾಳಿ. ಇಡೀ ಮಧ್ಯಾಹ್ನ ಎಲೆ ಅಲ್ಲಾಡದೆ ಧಗೆ ಇರುತ್ತದೆ. ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಅದು ಮಳೆಯಲ್ಲಿ ತಣ್ಣಗಾಗಿ ಕೆಳಗಿಳಿದು ಹರಡಿದ ಗಾಳಿ. ಮಳೆ ಬೆನ್ನಿಗೇ ಇರುತ್ತದೆ. ಆ ಹೊತ್ತಿಗೆ ತಾಡಪತ್ರಿ ಹುಡುಕುತ್ತಾ ಕೂತರೆ ಆಗಲಿಲ್ಲ. ಬೆಳಗ್ಗೆಯೇ ಕಣದ ಬದುವಿನಲ್ಲಿ ಬಿಚ್ಚಿ ಇಟ್ಟು, ಮೇಲೆ ಹೇರಲು ಕಲ್ಲು ಜೋಡಿಸಿರಬೇಕು. ಕಾಯಿಯನ್ನು ನಡುವೆ ಎತ್ತರ ಬರುವಂತೆ ಉದ್ದಕ್ಕೆ ಒಟ್ಟಬೇಕು, ನೀರು ಎರಡೂ ಕಡೆ ಜಾರುತ್ತದೆ. ಸುತ್ತ ಒಂದು ಗೇಣು ಕಾಲುವೆ ತೆಗೆದಿರಿ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಬಂತೆಂದರೆ ಕಾಯಿ ಹೇಗೆ ಇದೆಯೋ ಹಾಗೇ ಬಿಟ್ಟು ಮನೆ ಒಳಗೆ ಹೋಗಿ. ಬೇವಿನ ಮರದ ಕೆಳಗೆ ನಿಲ್ಲಬೇಡಿ. ಕಾಯಿ ಮುಂದಿನ ವರ್ಷವೂ ಬೆಳೆಯುತ್ತದೆ.

ಮಳೆ ಇಲ್ಲದ ರಾತ್ರಿಯೂ ಕಾಯಿ ನೆನೆಯುತ್ತದೆ. ಮೋಡವಿಲ್ಲದೆ, ಗಾಳಿಯಿಲ್ಲದೆ ಆಕಾಶ ನಿಚ್ಚಳವಾಗಿದ್ದರೆ ನೆಲದ ಕಾವು ಬೇಗ ಹೋಗುತ್ತದೆ, ಬೆಳಗಿನ ಜಾವ ಇಬ್ಬನಿ ಕೂಡುತ್ತದೆ. ಅಂಥ ದಿನ ಹೊತ್ತು ಮುಳುಗುವ ಮುಂಚೆಯೇ ಕಾಯಿ ಒಟ್ಟಿ ಮುಚ್ಚಿ. ಬೆಳಗ್ಗೆ ತಾಡಪತ್ರಿಯ ಒಳಮೈ ಮುಟ್ಟಿ ನೋಡಿ, ಬೆವರಿದಂತೆ ಹನಿ ಇರುತ್ತದೆ. ಅದು ಕಾಯಿ ಮೇಲೆ ಉದುರದಂತೆ ಇಬ್ಬರು ಎರಡು ತುದಿ ಹಿಡಿದು ಒಂದೇ ಕಡೆಗೆ ಮಡಚಿ ತೆಗೆಯಿರಿ. ನೆಲ ಆರಿದ ಮೇಲೆ ಹರವಿ.