ಉಳುಕಿದ ಕಾಲಿಗೆ ಲೇಸರ್ ತೆಗೆದುಕೊಳ್ಳುವುದು ಹೇಗೆ?

ಪಾದ ಒಳಕ್ಕೆ ಹೊರಳಿದಾಗ ಪೆಟ್ಟು ಬೀಳುವುದು ಹೆಚ್ಚಾಗಿ ಕಾಲಿನ ಗಿಣ್ಣಿನ ಹೊರಬದಿಯಲ್ಲಿ, ಸ್ವಲ್ಪ ಮುಂದಕ್ಕಿರುವ ಪುಟ್ಟ ಲಿಗಮೆಂಟಿಗೆ. ಮೂಳೆಯನ್ನು ಮೂಳೆಗೆ ಕಟ್ಟಿ ಹಿಡಿಯುವ ಪಟ್ಟಿ ಅದು. ಅಲ್ಲಿಗೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಮಾಗುವುದೂ ನಿಧಾನ. ನೋವಿನ ಜಾಗಕ್ಕೆ ಮಂದವಾದ ಲೇಸರ್ ಬೆಳಕು ಬಿಡುವ ಚಿಕಿತ್ಸೆಯೊಂದಿದೆ. ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ‘ಲೇಸರ್ ಕೊಡೋಣ್ವಾ’ ಎಂದು ಕೇಳಿದರೆ ತಕ್ಷಣ ಹೂಂ ಅನ್ನಬೇಡಿ.

ಮೊದಲು ಮೂಳೆ ಮುರಿದಿಲ್ಲ ಎಂದು ಖಚಿತವಾಗಬೇಕು. ಗಿಣ್ಣಿನ ಎರಡೂ ಬದಿಯ ಉಬ್ಬು ಮೂಳೆಗಳ ಹಿಂದಿನ ಅಂಚನ್ನು ಬೆರಳಲ್ಲಿ ಒತ್ತಿ ನೋಡಿ. ಪಾದದ ಹೊರ ಅಂಚಿನ ನಡುವೆ ಸಿಗುವ ಮೂಳೆಯ ಉಬ್ಬನ್ನೂ, ಒಳಬದಿಯಲ್ಲಿ ಕಮಾನಿನ ಮೇಲಿರುವ ಮೂಳೆಯನ್ನೂ ಒತ್ತಿ. ಒತ್ತಿದಲ್ಲಿ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ತೆಗೆಸಿ. ಲಿಗಮೆಂಟ್ ಪೂರ್ತಿ ಹರಿದಿದ್ದರೆ ಲೇಸರ್ ಅದನ್ನು ಜೋಡಿಸುವುದಿಲ್ಲ. ಮೂಳೆ ವೈದ್ಯರನ್ನೇ ಕಾಣಬೇಕು.

ಗರ್ಭಿಣಿಯಾಗಿದ್ದರೆ, ಕ್ಯಾನ್ಸರ್ ಇದ್ದರೆ ಅಥವಾ ಹಿಂದೆ ಬಂದಿದ್ದರೆ, ಬಿಸಿಲಿಗೆ ಚರ್ಮ ಕೆಂಪಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ಹೇಳಿಬಿಡಿ. ಎಣ್ಣೆ, ಮುಲಾಮು ಒರೆಸಿಕೊಂಡು ಹೋಗಿ. ರಕ್ಷಣಾ ಕನ್ನಡಕ ನಿಮಗೂ ಬೇಕು, ಚಿಕಿತ್ಸೆ ಕೊಡುವವರಿಗೂ ಬೇಕು. ಈ ಲೇಸರ್‌ಗಳಲ್ಲಿ ಬಳಸುವ ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣದು, ಆದರೂ ಕಣ್ಣಿನ ಪರದೆ ಸುಡಬಲ್ಲದು. ಕನ್ನಡಕ ಕೊಡದ ಕಡೆಯಿಂದ ಎದ್ದು ಬನ್ನಿ.

ಪೆನ್ನಿನಂಥ ಪ್ರೋಬನ್ನು ನೋವಿನ ಜಾಗದ ಮೇಲೆ ನೆಟ್ಟಗೆ ಹಿಡಿದು, ಮೆಲ್ಲಗೆ ಒತ್ತಿ, ಒಂದೊಂದು ಬಿಂದುವಿನಲ್ಲೂ ಕೆಲವು ಸೆಕೆಂಡು ನಿಲ್ಲಿಸುತ್ತಾರೆ. ಬಿಸಿ ಗೊತ್ತಾಗುವುದೇ ಇಲ್ಲ. ಬೆಳಕು ಜೀವಕೋಶದ ಮೈಟೊಕಾಂಡ್ರಿಯಾಕ್ಕೆ ತಲುಪಿ, ಶಕ್ತಿ ತಯಾರಾಗುವ ಕೆಲಸವನ್ನು ಚುರುಕುಗೊಳಿಸುತ್ತದೆ ಎಂಬುದು ಇದರ ಹಿಂದಿನ ವಿವರಣೆ. ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ 1967ರಲ್ಲಿ ಇಲಿಗಳ ಮೇಲೆ ರೂಬಿ ಲೇಸರ್ ಬಿಟ್ಟಾಗ ಬೋಳಿಸಿದ ಕೂದಲು ಬೇಗ ಬೆಳೆದಿತ್ತು. ಈ ಚಿಕಿತ್ಸೆ ಶುರುವಾದದ್ದು ಅಲ್ಲಿಂದ.

ಡೋಸ್ ಎಷ್ಟು ಎಂದು ಕೇಳಲೇಬೇಕು. ಲೆಕ್ಕ ಸುಲಭ: 100 ಮಿಲಿವ್ಯಾಟ್ ಪ್ರೋಬನ್ನು 40 ಸೆಕೆಂಡ್ ಹಿಡಿದರೆ ಆ ಬಿಂದುವಿಗೆ 4 ಜೌಲ್ ಶಕ್ತಿ ಸೇರುತ್ತದೆ. ತೀರಾ ಕಮ್ಮಿಯಾದರೆ ಏನೂ ಆಗದು, ಜಾಸ್ತಿ ಕೊಟ್ಟರೆ ಸಿಕ್ಕ ಪ್ರಯೋಜನವೂ ಹೋಗಬಹುದು. ಬೆಳಕಿನ ತರಂಗಾಂತರ ಎಷ್ಟು, ಎಷ್ಟು ಜೌಲ್, ಎಷ್ಟು ಬಿಂದು ಎಂದು ನಿಮ್ಮ ಚೀಟಿಯಲ್ಲೇ ಬರೆಸಿಕೊಳ್ಳಿ. ಇದು ನಿಮ್ಮ ಹಕ್ಕು, ಸಂಕೋಚ ಬೇಡ.

ಇದರಿಂದ ಗುಣವಾಗುತ್ತದಾ? ಇಲಿಗಳಲ್ಲಿ ಲಿಗಮೆಂಟ್ ಗಟ್ಟಿಯಾಗಿ ಮಾಗಿದ್ದು ಕಂಡಿದೆ. ಮನುಷ್ಯರಲ್ಲಿ ಅಷ್ಟು ಸ್ಪಷ್ಟವಿಲ್ಲ. 1998ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ಕಾಲು ಉಳುಕಿದ 217 ಜನರಿದ್ದರು. ಬೆಳಕೇ ಬಾರದ ಸುಳ್ಳು ಲೇಸರ್‌ಗಿಂತ ನಿಜವಾದ ಲೇಸರ್ ಮೇಲಾಗಿ ಕಾಣಲಿಲ್ಲ. ನೋವು ಇಳಿಸಲು ಜೊತೆಗಿರಲಿ ಎಂದರೆ ಸರಿ, ಆದರೆ ಇದೊಂದನ್ನೇ ನಂಬಿ ಇಪ್ಪತ್ತು ಸಿಟ್ಟಿಂಗ್‌ಗೆ ಮುಂಗಡ ಕಟ್ಟಬೇಡಿ.

ವ್ಯಾಯಾಮವನ್ನಂತೂ ಬಿಡಲೇಬಾರದು. ನೋವು ತಡೆದುಕೊಳ್ಳುವಷ್ಟಾದ ಕೂಡಲೇ ಕುರ್ಚಿಯಲ್ಲಿ ಕೂತು, ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ಪಾದ ಎಲ್ಲ ದಿಕ್ಕಿಗೂ ತಿರುಗುತ್ತದೆ. ನಡೆಯಲು ಬಂದ ಮೇಲೆ ಗೋಡೆ ಪಕ್ಕ ಒಂಟಿಕಾಲಲ್ಲಿ ನಿಲ್ಲಿ, ಆಮೇಲೆ ಹಿಮ್ಮಡಿ ಎತ್ತಿ ಇಳಿಸಿ. ನೋವು ಹೋಯಿತೆಂದು ನಿಲ್ಲಿಸಬೇಡಿ, ಲಿಗಮೆಂಟ್ ಬಲಗೊಳ್ಳುವುದು ತಿಂಗಳುಗಟ್ಟಲೆ ನಡೆಯುತ್ತದೆ. ಇಷ್ಟಾದರೂ ಕಾಲು ಮತ್ತೆ ಮತ್ತೆ ಹೊರಳುತ್ತಿದ್ದರೆ ಎಂಆರ್‌ಐ ಬೇಕೇ ಎಂದು ಮೂಳೆ ವೈದ್ಯರನ್ನು ಕೇಳಿ.