ಕೋಲು ಹಾರಿದ ಕುದುರೆ ಮೈಸೂರಲ್ಲಿ ಗೆದ್ದಿತು

ನಮ್ಮಲ್ಲಿ ತಡೆ ಹಾರೋ ಹರ್ಡಲ್ ರೇಸೇ ಇಲ್ಲ, ತಡೆಯಿಲ್ಲದೆ ಓಡೋ ಫ್ಲ್ಯಾಟ್ ಕುದುರೆಯಿಂದ ಕೋಲು ಹಾರಿಸೋದು ಯಾಕೆ ಅಂತ ಎಲ್ಲರೂ ಕೇಳಿದರು. ಮೈಸೂರಿನ ಗೆಲುವಿನ ನಂತರ ಕೇಳುವವರು ಕಡಿಮೆಯಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಲ್ಯಾಂಬರ್ನ್‌ನಲ್ಲಿ ಕೆಲವು ವರ್ಷ ಜಂಪ್ ಕುದುರೆ ಓಡಿಸಿದವನು ನಾನು. ಅಲ್ಲಿ ಹರ್ಡಲ್ ಅಂದರೆ ಕನಿಷ್ಠ ಮೂರೂವರೆ ಅಡಿ. ಭುಜ ಮುರಿದ ಮೇಲೆ ಊರಿಗೆ ಬಂದು ಟ್ರೈನರ್ ಆದೆ. ಅದೇ ಲ್ಯಾಂಬರ್ನ್‌ನ ಫ್ರೆಡ್ ವಿಂಟರ್ ಜಾಕಿಯಾಗಿ 1957 ಮತ್ತು 1962ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಅನ್ನೋ ಹೆಸರಾಂತ ಜಂಪ್ ರೇಸ್ ಗೆದ್ದವರು. ಟ್ರೈನರ್ ಆದ ಮೊದಲ ಸೀಸನ್ನಿನಲ್ಲೇ, 1965ರಲ್ಲಿ, ಜೇ ಟ್ರಂಪ್ ಕುದುರೆಯಿಂದ ಮತ್ತೆ ಗೆದ್ದರು. ಮರುವರ್ಷ ಆಂಗ್ಲೋ ಕುದುರೆಯಿಂದ. ನನಗೆ ಸಿಕ್ಕಿದ್ದು ಬೇರೆಯವರು ಕೈಬಿಟ್ಟ ಕುದುರೆಗಳು.

ಅದರಲ್ಲೊಂದು ಆರು ವರ್ಷದ ಗೆಲ್ಡಿಂಗ್, ಅಂದರೆ ಬೀಜ ತೆಗೆಸಿದ ಗಂಡು ಕುದುರೆ. ಕಾಲು ಚೆನ್ನಾಗಿದೆ, ದಮ್ಮಿದೆ, ಓಡೋ ಮನಸ್ಸಿಲ್ಲ. ಕೊನೆಯ 400 ಮೀಟರಿಗೆ ಬಂದರೆ ಕಿವಿ ಮಡಚಿಬಿಡುತ್ತಿತ್ತು. ಸೀಸನ್ ಮುಗಿದ ಮೇಲೆ ಕುಣಿಗಲ್ ಕಡೆಯ ಒಂದು ತೋಟಕ್ಕೆ ಕರೆದೊಯ್ದೆ. ತಿಂಗಳಿಗೆ ಮೂವತ್ತು ಸಾವಿರದ ಆಸುಪಾಸು ಖರ್ಚು. ಓನರ್ ಅರ್ಧಕ್ಕೆ ಒಪ್ಪಿದರು, ಉಳಿದದ್ದು ನನ್ನ ಜೇಬಿನಿಂದ.

ಹಾರಿಸೋಕೆ ಮೊದಲು ಪಿವಿಸಿ ಪೈಪ್ ಹಾಕಿದೆ. ಗೊರಸು ತಾಗಿದರೆ ಉರುಳುತ್ತೆ, ಕುದುರೆ ಬೆಚ್ಚುತ್ತೆ. ಆಮೇಲೆ ಬಿದಿರು. ತುಳಿದರೆ ಸೀಳಿ ಚೂಪಾಗುತ್ತೆ, ಅದೂ ಬೇಡ. ಕೊನೆಗೆ ನಿಂತಿದ್ದು ನೀಲಗಿರಿ ಮರದ ಕೋಲು, ಸುಣ್ಣ ಬಳಿದು. ಪೈಪ್, ಬಿದಿರು, ಕೂಲಿ ಎಲ್ಲ ಸೇರಿ ಹದಿನೈದು ಸಾವಿರ ಹೋಗಿರಬೇಕು. ಮೊದಲು ನೆಲದ ಮೇಲಿನ ಕೋಲು, ಟ್ರಾಟ್‌ನಲ್ಲಿ, ಅಂದರೆ ಹಗುರ ಓಟದಲ್ಲಿ. ಆಮೇಲೆ ಒಂದಡಿ, ಒಂದೂವರೆ ಅಡಿ. ಅದಕ್ಕಿಂತ ಎತ್ತರ ಬೇಕಿಲ್ಲ. ವಾರಕ್ಕೆರಡು ದಿನ ಸಾಕು. ಕೋಲಿಗೂ ಕೋಲಿಗೂ ಎಷ್ಟು ಅಂತರ, ಕೊನೆಯದನ್ನು ಎಲ್ಲಿಡಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಶುರುವಿನಲ್ಲಿ ಪ್ರತಿ ಕೋಲಿನ ಮುಂದೆಯೂ ನಿಂತು ಮೂಸುತ್ತಿತ್ತು. ತಿಂಗಳಾಗುವಷ್ಟರಲ್ಲಿ ಕೋಲು ಕಂಡರೆ ಸಾಕು, ಕಿವಿ ಮುಂದಕ್ಕೆ, ಲಗಾಮು ತಾನೇ ಎಳೆಯೋದು. ಹಿಂಗಾಲಿನ ಮೇಲ್ಭಾಗ ತುಂಬಿಕೊಂಡಿತು.

ಇದೇ ಹೊತ್ತಿಗೆ ಓಟ್ಸ್ ಸ್ವಲ್ಪ ಇಳಿಸಿ ಬೇಯಿಸಿದ ಹುರುಳಿಯನ್ನೂ ಕೊಟ್ಟು ನೋಡಿದೆ. ಲದ್ದಿ ತೆಳುವಾಯಿತು, ಕುದುರೆ ನೋಡಿಕೊಳ್ಳೋ ಸೈಸ್ ಗೊಣಗಿದ, ನಿಲ್ಲಿಸಿದೆ. ಹಳೇ ಕಾಲದವರು ಹೇಗೆ ಕೊಡುತ್ತಿದ್ದರೋ, ಇನ್ನೊಮ್ಮೆ ನೋಡಬೇಕು.

ಮೈಸೂರಿನಲ್ಲಿ 1400 ಮೀಟರಿಗೆ ಇಳಿಸಿದೆ. ಮೊದಲ ಸಲ ಎರಡನೇ ಸ್ಥಾನ, ಆಮೇಲಿನ ಓಟದಲ್ಲಿ ಸಲೀಸಾಗಿ ಗೆದ್ದಿತು. ಆ ಕುದುರೆಯಿಂದ ಈ ಗೆಲುವನ್ನು ಬೇರೆ ಯಾರೂ ತೆಗೆಯುತ್ತಿರಲಿಲ್ಲ. "ಇನ್ನೊಂದು ಕಳಿಸ್ತೀನಿ, ಅದಕ್ಕೂ ಕೋಲು ಹಾಕಿ ಸಾರ್" ಅಂದರು ಓನರ್.

ಕಾಲಿನ ಟೆಂಡನ್ (ಸ್ನಾಯುರಜ್ಜು) ಕೆಟ್ಟ ಕುದುರೆಗೆ ಮಾತ್ರ ಇದು ಬೇಡ. ಬೆಳಿಗ್ಗೆ ಮುಟ್ಟಿದಾಗ ಕಾಲು ಬಿಸಿಯಿದ್ದರೆ ಅವತ್ತು ಬರೀ ನಡಿಗೆ.